ಅಣು ಮಾದರಿ ಕಿಟ್ ತಗೊಳ್ಳಬಹುದಾ? ಚಿಂತಾಮಣಿಯ ಟ್ಯೂಷನ್ ಮನೆಯಿಂದ ಒಂದು ರಿವ್ಯೂ

ತಗೊಳ್ಳಿ. ಆದರೆ ಡಬ್ಬಿಯ ಮೇಲೆ ಬರೆದಿರುವ ಕಾರಣಕ್ಕಲ್ಲ, ನೀರಿನ ಪಾಠಕ್ಕಾಗಿ ತಗೊಳ್ಳಿ.

ಡಬ್ಬಿಯ ಮೇಲೆ ಆರ್ಗ್ಯಾನಿಕ್ ಕೆಮಿಸ್ಟ್ರಿ, ನೀಟ್, ಕಾಲೇಜು ಅಂತ ದೊಡ್ಡ ದೊಡ್ಡ ಅಕ್ಷರಗಳಿವೆ. ನಾನು ಚಿಂತಾಮಣಿಯಲ್ಲಿ ಎಂಟರಿಂದ ಹತ್ತನೇ ಕ್ಲಾಸಿನ ಮಕ್ಕಳಿಗೆ ಸಂಜೆ ಹೊತ್ತು ವಿಜ್ಞಾನ ಹೇಳಿಕೊಡುತ್ತೇನೆ. ಕನ್ನಡ ಮಾಧ್ಯಮದವರೇ ಜಾಸ್ತಿ, ಮನೆಯಲ್ಲಿ ತೆಲುಗು ಮಾತಾಡುವವರೂ ಇದ್ದಾರೆ. ಈ ಕಿಟ್ ಬಳಸಲು ಶುರುಮಾಡಿದ ಮೇಲೆ ಬೇರೆ ಟೀಚರ್‌ಗಳು, ಅಪ್ಪ ಅಮ್ಮಂದಿರು "ಮೇಡಂ, ಇದು ಚೆನ್ನಾಗಿದೆಯಾ, ದುಡ್ಡು ದಂಡ ಆಗಲ್ವಾ" ಅಂತ ಕೇಳುತ್ತಾನೇ ಇದ್ದಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಎಲ್ಲವನ್ನೂ ಒಂದೇ ಕಡೆ ಬರೆಯೋಣ ಅಂತ ಕೂತಿದ್ದೇನೆ. ಉದ್ದ ಆಗುತ್ತದೆ, ಯಾಕಂದ್ರೆ ಇದರಲ್ಲಿ ಒಳ್ಳೆಯದೂ ಇದೆ, ಮಕ್ಕಳಿಗೆ ತಪ್ಪು ಕಲಿಸುವ ಜಾಗಗಳೂ ಇವೆ. ಎರಡನ್ನೂ ಗೊತ್ತುಮಾಡಿಕೊಂಡು ತಗೊಳ್ಳಬೇಕು.

ಏನಿದೆ ಒಳಗೆ ಅಂದರೆ, ಪ್ಲಾಸ್ಟಿಕ್ ಗುಂಡುಗಳು ಮತ್ತು ಅವನ್ನು ಜೋಡಿಸುವ ಕಡ್ಡಿಗಳು. ಗುಂಡು ಅಂದರೆ ಪರಮಾಣು, ಕಡ್ಡಿ ಅಂದರೆ ಪರಮಾಣುಗಳನ್ನು ಹಿಡಿದಿಡುವ ಬಂಧ, ಎಲ್ಲ ಜೋಡಿಸಿದರೆ ಅಣು. ಕಪ್ಪು ಗುಂಡು ಕಾರ್ಬನ್, ಬಿಳಿ ಹೈಡ್ರೋಜನ್, ಕೆಂಪು ಆಕ್ಸಿಜನ್, ನೀಲಿ ನೈಟ್ರೋಜನ್, ಹಸಿರು ಕ್ಲೋರಿನ್ ಮತ್ತು ಅದರ ಬಳಗ, ಹಳದಿ ಗಂಧಕ. ಕಡ್ಡಿಯಲ್ಲಿ ಎರಡು ಬಗೆ: ಗಿಡ್ಡದು ಗಟ್ಟಿ, ಒಂಟಿ ಬಂಧಕ್ಕೆ, ಉದ್ದದ್ದು ಬಾಗುತ್ತದೆ, ಜೋಡಿ ಬಂಧಕ್ಕೆ. ಕಡ್ಡಿ ಕೀಳುವುದಕ್ಕೆ ಒಂದು ಚಿಕ್ಕ ಪ್ಲಾಸ್ಟಿಕ್ ಇಕ್ಕಳದಂಥ ಸಾಧನವನ್ನೂ ಕೊಟ್ಟಿದ್ದಾರೆ, ಅದನ್ನು ಕಳೆಯಬೇಡಿ, ಹಲ್ಲಿನಲ್ಲಿ ಕಚ್ಚಿ ಕೀಳಲು ಹೋಗುವ ಮಕ್ಕಳಿರುತ್ತಾರೆ. ಬೆಲೆ ಸಾವಿರ ರೂಪಾಯಿಯ ಒಳಗೆ. ಪ್ಲಾಸ್ಟಿಕ್ ಗಟ್ಟಿಮುಟ್ಟಾಗಿದೆ, ಸಿಮೆಂಟ್ ನೆಲದ ಮೇಲೆ ಬಿದ್ದರೂ ಒಡೆದಿಲ್ಲ, ಬಣ್ಣ ಬಿಟ್ಟಿಲ್ಲ.

ಈ ಬಣ್ಣಗಳನ್ನು ಕಂಪನಿಯವರು ಸುಮ್ನೆ ಇಷ್ಟಕ್ಕೆ ಬಂದಂತೆ ಹಚ್ಚಿದ್ದಲ್ಲ, ಅದಕ್ಕೊಂದು ಹಳೇ ಕಥೆ ಇದೆ. 1865ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಆಗಸ್ಟ್ ವಿಲ್ಹೆಲ್ಮ್ ಹಾಫ್‌ಮನ್ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಭಾಷಣ ಮಾಡುವಾಗ ಕ್ರೋಕೆ ಅನ್ನುವ ಆಟದ ಚೆಂಡುಗಳಿಗೆ ಬಣ್ಣ ಬಳಿದು, ಕಡ್ಡಿ ಚುಚ್ಚಿ ಅಣುಗಳನ್ನು ತೋರಿಸಿದ್ದರು. ಕಾರ್ಬನ್ ಕಪ್ಪು, ಹೈಡ್ರೋಜನ್ ಬಿಳಿ, ಆಕ್ಸಿಜನ್ ಕೆಂಪು ಅನ್ನುವುದು ಅಲ್ಲಿಂದ ನಡೆದುಕೊಂಡು ಬಂದಿದೆ. ಆದರೆ ಹಾಫ್‌ಮನ್ನರ ಮೀಥೇನ್ (ಒಂದು ಕಾರ್ಬನ್, ಸುತ್ತ ನಾಲ್ಕು ಹೈಡ್ರೋಜನ್) ಚಪ್ಪಟೆಯಾಗಿತ್ತು. ಕಾರ್ಬನ್ನಿನ ನಾಲ್ಕು ಬಂಧಗಳು ಚಪ್ಪಟೆಯಾಗಿ ಮಲಗದೆ ನಾಲ್ಕು ದಿಕ್ಕಿಗೆ ಚಾಚಿಕೊಂಡಿರುತ್ತವೆ ಅಂತ ಹಾಲೆಂಡಿನ ವಾಂಟ್ ಹಾಫ್ ಹೇಳಿದ್ದು 1874ರಲ್ಲಿ. ಇದನ್ನು ಮಕ್ಕಳಿಗೆ ಖಂಡಿತ ಹೇಳಿ. ಅಣುವಿಗೆ ಒಂದು ಆಕಾರ ಇದೆ ಅನ್ನುವುದೇ ನಿಧಾನಕ್ಕೆ, ವಾದ ಮಾಡಿಕೊಂಡು ಬಂದ ತಿಳಿವಳಿಕೆ ಅಂತ ಗೊತ್ತಾದರೆ ಗುಂಡು ಕಡ್ಡಿಯನ್ನು ನೋಡುವ ರೀತಿಯೇ ಬೇರೆ ಆಗುತ್ತದೆ.

ಈಗ ನೀರಿಗೆ ಬರೋಣ. ಐದನೇ ಕ್ಲಾಸಿನ ಮಗುವೂ "ಎಚ್ ಟೂ ಓ" ಅಂತ ಒಪ್ಪಿಸುತ್ತದೆ. ಬರೆದು ತೋರಿಸು ಅಂದರೆ ನಡುವೆ ಒಂದು ಓ, ಆ ಕಡೆ ಈ ಕಡೆ ಒಂದೊಂದು ಎಚ್, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ನೇರವಾಗಿ ಬರೆಯುತ್ತದೆ. ಹತ್ತನೇ ಕ್ಲಾಸಿನವರೂ ಹಾಗೇ ಬರೆಯುತ್ತಾರೆ. ಕಿಟ್‌ನ ಕೆಂಪು ಗುಂಡು ಮಾತ್ರ ಇದಕ್ಕೆ ಒಪ್ಪುವುದಿಲ್ಲ. ಅದರ ಎರಡು ತೂತುಗಳು ಎದುರುಬದುರಾಗಿಲ್ಲ, ಓರೆಯಾಗಿವೆ. ಎರಡು ಬಿಳಿ ಗುಂಡು ಸಿಕ್ಕಿಸಿದ ತಕ್ಷಣ ಅಣು ಬಾಗಿ ನಿಲ್ಲುತ್ತದೆ. ಪ್ರತಿ ಬ್ಯಾಚಿನಲ್ಲೂ ಯಾರಾದರೂ ಒಬ್ಬರು "ಮಿಸ್, ಈ ಗುಂಡಿಗೆ ತೂತು ಸರಿಯಾಗಿ ಹೊಡೆದಿಲ್ಲ, ಬೇರೆ ಕೊಡಿ" ಅಂತ ಕೇಳುತ್ತಾರೆ. ಪಾಠ ಅಲ್ಲಿಂದಲೇ ಶುರುವಾಗುತ್ತದೆ. ಈ ಒಂದು ಪ್ರಶ್ನೆಗೇ ಕಿಟ್‌ನ ದುಡ್ಡು ವಾಪಸ್ ಬಂತು ಅಂತ ನನ್ನ ಲೆಕ್ಕ.

ಯಾಕೆ ಬಾಗಿದೆ? ಆಕ್ಸಿಜನ್ನಿಗೆ ಒಟ್ಟು 8 ಇಲೆಕ್ಟ್ರಾನ್. 2 ಒಳಗಿನ ಕವಚದಲ್ಲಿ, 6 ಹೊರಗಿನದರಲ್ಲಿ. ಹೊರಗೆ 8 ತುಂಬಿಸಿಕೊಳ್ಳಲು ಇನ್ನೆರಡು ಬೇಕು. ಎರಡು ಹೈಡ್ರೋಜನ್ ಬಂದು ಒಂದೊಂದು ಇಲೆಕ್ಟ್ರಾನನ್ನು ಹಂಚಿಕೊಳ್ಳುತ್ತವೆ, ಪಠ್ಯದಲ್ಲಿ ಸಹವೇಲೆನ್ಸಿ ಬಂಧ ಅನ್ನುವುದು ಇದನ್ನೇ. ಆದರೆ ಆಕ್ಸಿಜನ್ನಿನ ಹತ್ತಿರ ಯಾರ ಜೊತೆಗೂ ಹಂಚಿಕೊಳ್ಳದ ಇನ್ನೂ ಎರಡು ಜೋಡಿ ಇಲೆಕ್ಟ್ರಾನ್ ಉಳಿದಿವೆ. ಎಲ್ಲ ಜೋಡಿಗಳೂ ನೆಗೆಟಿವ್, ಒಂದನ್ನೊಂದು ದೂರ ತಳ್ಳುತ್ತವೆ. ನಾಲ್ಕು ಜೋಡಿ ಸಮನಾಗಿ ದೂರ ನಿಂತರೆ ನಡುವಿನ ಕೋನ 109.5 ಡಿಗ್ರಿ ಆಗಬೇಕು. ಹಂಚಿಕೊಳ್ಳದ ಜೋಡಿಗಳು ಸ್ವಲ್ಪ ಜಾಸ್ತಿ ಜಾಗ ತಗೊಂಡು ಹೈಡ್ರೋಜನ್‌ಗಳನ್ನು ಒತ್ತುತ್ತವೆ, ಅದಕ್ಕೇ ನೀರಿನಲ್ಲಿ ಆ ಕೋನ 104.5 ಡಿಗ್ರಿ. ಜಾಮಿಟ್ರಿ ಬಾಕ್ಸಿನ ಕೋನಮಾಪಕ ಇಟ್ಟು ಮಕ್ಕಳೇ ಅಳೆಯಲಿ, ಕಿಟ್‌ನದು 105ರ ಆಸುಪಾಸಿನಲ್ಲಿ ಬರುತ್ತದೆ. ಈ ಬೆಲೆಗೆ ಅದು ತುಂಬಾ ಒಳ್ಳೆಯ ಅಂಕ.

ಇಲ್ಲೇ ಕಿಟ್‌ನ ದೊಡ್ಡ ದೋಷವೂ ಇದೆ. ಹಂಚಿಕೊಳ್ಳದ ಆ ಎರಡು ಜೋಡಿಗಳಿಂದಲೇ ಬಾಗು ಬಂದಿದ್ದು, ಆದರೆ ಕೆಂಪು ಗುಂಡಿನಲ್ಲಿ ಅವು ಕಾಣುವುದೇ ಇಲ್ಲ! ಎರಡೇ ತೂತು, ಮಿಕ್ಕಿದ್ದು ನುಣ್ಣಗೆ. ಮಗು ಅದನ್ನು ನೋಡಿ ಆ ಕಡೆ ಏನೂ ಇಲ್ಲ ಅಂತಲೇ ಅಂದುಕೊಳ್ಳುತ್ತದೆ. ದುಬಾರಿ ಕಿಟ್‌ಗಳಲ್ಲಿ ನಾಲ್ಕು ತೂತಿನ ಆಕ್ಸಿಜನ್, ಅದಕ್ಕೆ ಸಿಕ್ಕಿಸಲು ಎಲೆಯಾಕಾರದ ತುಂಡು ಎಲ್ಲ ಇರುತ್ತದೆ. ನಾನು ಮಾಡುವುದು ಇಷ್ಟು: ನಾಲ್ಕು ತೂತಿನ ಕಪ್ಪು ಗುಂಡಿಗೆ ಕೆಂಪು ಇನ್ಸುಲೇಷನ್ ಟೇಪ್ ಸುತ್ತಿ, ತೂತುಗಳ ಜಾಗದಲ್ಲಿ ಟೇಪ್ ಕತ್ತರಿಸಿ, ಅದನ್ನೇ ಆಕ್ಸಿಜನ್ ಮಾಡುತ್ತೇನೆ. ಎರಡು ತೂತಿಗೆ ಬಿಳಿ ಗುಂಡು, ಉಳಿದ ಎರಡಕ್ಕೆ ಖಾಲಿ ಕಡ್ಡಿ. ಖಾಲಿ ಕಡ್ಡಿ ಅಂದರೆ ಹಂಚಿಕೊಳ್ಳದ ಜೋಡಿ. ಕೋನ 5 ಡಿಗ್ರಿ ಜಾಸ್ತಿ ಆಗುತ್ತದೆ, ಆಗಲಿ, ಅದನ್ನು ಬಾಯಲ್ಲಿ ಹೇಳಬಹುದು.

ಪಕ್ಕದಲ್ಲೇ ಕಾರ್ಬನ್ ಡೈಆಕ್ಸೈಡ್ ಕಟ್ಟಿಸಿ. ಉದ್ದ ಕಡ್ಡಿ ಎರಡೆರಡು ಬಳಸಿ ಜೋಡಿ ಬಂಧ ಮಾಡಿದರೆ ಅದು ನೆಟ್ಟಗೆ ನಿಲ್ಲುತ್ತದೆ, 180 ಡಿಗ್ರಿ. ಈಗ ಎರಡನ್ನೂ ಕೈಯಲ್ಲಿ ಹಿಡಿದು ಒಂದು ಪ್ರಶ್ನೆ ಕೇಳಿ. ಕಾರ್ಬನ್ ಡೈಆಕ್ಸೈಡಿನ ಅಣು ತೂಕ 44, ನೀರಿನದು 18. ಹಗುರ ಇರುವುದೇ ಗಾಳಿಯಲ್ಲಿ ತೇಲಬೇಕಿತ್ತು, ಅಲ್ವಾ? ಆದರೆ ಭಾರದ್ದು ಅನಿಲ, ಹಗುರದ್ದು ಲೋಟದಲ್ಲಿ ಕೂತಿದೆ. ಇನ್ನೂ ಹತ್ತಿರದ ಸಂಬಂಧಿ ಬೇಕಾದರೆ ಕೆಂಪು ಗುಂಡು ತೆಗೆದು ಹಳದಿ ಹಾಕಿ, ಹೈಡ್ರೋಜನ್ ಸಲ್ಫೈಡ್ ಆಯಿತು, ಕೊಳೆತ ಮೊಟ್ಟೆಯ ವಾಸನೆಯದು. ತೂಕ 34. ಅದು ಕುದಿಯುವುದು ಮೈನಸ್ 60 ಡಿಗ್ರಿಯಲ್ಲಿ! ಅದೂ ಬಾಗಿದ ಅಣುವೇ. ಹಾಗಾದರೆ ಬರೀ ಬಾಗು ಸಾಲದು, ಇನ್ನೇನೋ ಇದೆ ಅಂತ ಮಕ್ಕಳೇ ಹೇಳಬೇಕು, ನಾವು ಹೇಳಬಾರದು. ಸ್ವಲ್ಪ ಕಾದರೆ ಹೇಳುತ್ತಾರೆ.

ಆ ಇನ್ನೊಂದು ಅಂದರೆ ಎಳೆತ. ಹಂಚಿಕೊಂಡ ಇಲೆಕ್ಟ್ರಾನನ್ನು ಯಾವ ಪರಮಾಣು ಎಷ್ಟು ತನ್ನ ಕಡೆ ಎಳೆಯುತ್ತದೆ ಅನ್ನುವುದಕ್ಕೆ ಅಮೆರಿಕದ ರಸಾಯನ ವಿಜ್ಞಾನಿ ಲೈನಸ್ ಪಾಲಿಂಗ್ 1932ರಲ್ಲಿ ಒಂದು ಅಳತೆ ಮಾಡಿದರು. ರಾಸಾಯನಿಕ ಬಂಧದ ಕೆಲಸಕ್ಕೆ ಅವರಿಗೆ 1954ರಲ್ಲಿ ನೊಬೆಲ್ ಬಂತು. ಆ ಅಳತೆಯಲ್ಲಿ ಆಕ್ಸಿಜನ್ 3.44, ಹೈಡ್ರೋಜನ್ 2.20, ಗಂಧಕ 2.58. ಆಕ್ಸಿಜನ್ ಜೋರಾಗಿ ಎಳೆದುಕೊಳ್ಳುತ್ತದೆ, ಅದರ ಕಡೆ ಸ್ವಲ್ಪ ನೆಗೆಟಿವ್, ಹೈಡ್ರೋಜನ್ ಕಡೆ ಸ್ವಲ್ಪ ಪಾಸಿಟಿವ್. ಗಂಧಕಕ್ಕೆ ಅಷ್ಟು ಶಕ್ತಿ ಇಲ್ಲ. ಕಾರ್ಬನ್ ಡೈಆಕ್ಸೈಡಿನಲ್ಲೂ ಎಳೆತ ಇದೆ, ಆದರೆ ಎರಡು ಆಕ್ಸಿಜನ್‌ಗಳು ಎದುರುಬದುರು ನಿಂತು ಎಳೆಯುವುದರಿಂದ ಒಂದಕ್ಕೊಂದು ಸರಿಹೋಗುತ್ತದೆ. ನೀರು ಬಾಗಿರುವುದರಿಂದ ಸರಿಹೋಗುವುದಿಲ್ಲ, ಅಣುವಿಗೆ ಒಂದು ಪಾಸಿಟಿವ್ ಬದಿ, ಒಂದು ನೆಗೆಟಿವ್ ಬದಿ ಉಳಿದುಬಿಡುತ್ತದೆ. ಒಂದು ನೀರಿನ ಹೈಡ್ರೋಜನ್, ಪಕ್ಕದ ನೀರಿನ ಆಕ್ಸಿಜನ್ನಿನ ಹಂಚಿಕೊಳ್ಳದ ಜೋಡಿಯ ಕಡೆ ವಾಲುತ್ತದೆ. ಹೈಡ್ರೋಜನ್ ಬಂಧ ಅಂದರೆ ಇದು. ಅಣುವಿನ ಒಳಗಿನ ಬಂಧಕ್ಕೆ ಹೋಲಿಸಿದರೆ ಇದರ ಬಲ ಸುಮಾರು ಇಪ್ಪತ್ತರಲ್ಲಿ ಒಂದು ಪಾಲು, ಆದರೆ ಒಂದೊಂದು ನೀರಿನ ಅಣುವೂ ಇಂಥ ನಾಲ್ಕು ಬಂಧದವರೆಗೆ ಮಾಡಿಕೊಳ್ಳಬಲ್ಲದು. ಹಗುರದ ನೀರು ಲೋಟದಲ್ಲಿ ಕೂತಿರುವುದು ಅದಕ್ಕೇ.

ಇದರಲ್ಲಿ ನಮ್ಮ ಪಕ್ಕದ ಊರಿನವರ ಪಾಲೂ ಇದೆ, ಮಕ್ಕಳಿಗೆ ಇದನ್ನು ಹೇಳುವಾಗ ನನಗೆ ತುಂಬಾ ಖುಷಿ. ಹೈಡ್ರೋಜನ್ ಬಂಧ ಅಂದರೆ ನಿಖರವಾಗಿ ಯಾವುದು ಅಂತ ಇಡೀ ಜಗತ್ತಿಗೆ ಅನ್ವಯಿಸುವ ಹೊಸ ವ್ಯಾಖ್ಯೆ ಬಂದಿದ್ದು 2011ರಲ್ಲಿ. ಆ ಅಂತರರಾಷ್ಟ್ರೀಯ ತಂಡದ ಮುಂದಾಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇ. ಅರುಣನ್. ಅದೇ ಸಂಸ್ಥೆಯ ಗೌತಮ್ ದೇಸಿರಾಜು ಅವರೂ ತಂಡದಲ್ಲಿದ್ದರು. ನಮ್ಮ ಮಕ್ಕಳು ಬಸ್ ಹತ್ತಿದರೆ ಮುಟ್ಟುವಷ್ಟು ದೂರದಲ್ಲಿ ನಡೆದ ಕೆಲಸ ಅದು.

ಈ ಬಂಧವನ್ನು ಕಿಟ್ ತೋರಿಸುತ್ತದಾ? ನೇರವಾಗಿ ಇಲ್ಲ. ಬಿಳಿ ಗುಂಡಿಗೆ ಒಂದೇ ತೂತು, ಪಕ್ಕದ ಅಣುವಿಗೆ ಜೋಡಿಸಲು ಜಾಗವೇ ಇಲ್ಲ. ಇದಕ್ಕೆ ನಾವು ಕಂಡುಕೊಂಡ ದಾರಿ, ಬಿಳಿ ಗುಂಡು ಪೂರ್ತಿ ಬಿಟ್ಟುಬಿಡುವುದು. ನಾಲ್ಕು ತೂತಿನ ಗುಂಡುಗಳೆಲ್ಲ ಆಕ್ಸಿಜನ್ ಅಂತ ಇಟ್ಟುಕೊಂಡು, ಉದ್ದ ಕಡ್ಡಿಯಿಂದ ಒಂದಕ್ಕೊಂದು ಜೋಡಿಸಿ. ಪ್ರತಿ ಕಡ್ಡಿಯ ಮೇಲೂ ಹೈಡ್ರೋಜನ್ ಇರುವ ಜಾಗಕ್ಕೆ ಒಂದು ಚೂರು ಬಿಳಿ ಟೇಪ್ ಸುತ್ತಿ, ನಡುವೆ ಅಲ್ಲ, ಒಂದು ತುದಿಯಿಂದ ಮೂರನೇ ಒಂದು ಭಾಗದಷ್ಟು ದೂರದಲ್ಲಿ. ಮಂಜುಗಡ್ಡೆಯಲ್ಲಿ ನಿಜವಾಗಿಯೂ ಲೆಕ್ಕ ಹೆಚ್ಚುಕಡಿಮೆ ಹಾಗೇ ಇದೆ, ತನ್ನ ಆಕ್ಸಿಜನ್ನಿಗೆ ಹತ್ತಿರ, ಪಕ್ಕದ್ದಕ್ಕೆ ದೂರ. ಈಗ ನಿಯಮ ಹೇಳಿ: ಪ್ರತಿ ಗುಂಡಿನ ಸುತ್ತ ಎರಡು ಟೇಪು ಹತ್ತಿರ ಇರಬೇಕು, ಎರಡು ದೂರ ಇರಬೇಕು. ಬರ್ನಲ್ ಮತ್ತು ಫೌಲರ್ ಅನ್ನುವ ಇಬ್ಬರು 1933ರಲ್ಲಿ ಹೇಳಿದ ಮಂಜುಗಡ್ಡೆಯ ನಿಯಮ ಅದು. ಮಕ್ಕಳಿಗೆ ಇದು ಒಗಟು ಬಿಡಿಸಿದ ಹಾಗೆ. ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಕೆಡುತ್ತದೆ, ಕೂಗಾಡಿಕೊಂಡು ಮಾಡುತ್ತಾರೆ, ಬಿಡುವುದೇ ಇಲ್ಲ.

ಆರು ಗುಂಡು ಸೇರಿ ಒಂದು ಉಂಗುರ ಆದಾಗ ನಡುವೆ ಟೊಳ್ಳು ಕಾಣುತ್ತದೆ. ಅಲ್ಲಿ ನಿಲ್ಲಿಸಿ, ಕೇಳಿ: ಫ್ರೀಜರಿನಲ್ಲಿ ಭರ್ತಿ ತುಂಬಿದ ಬಾಟಲಿ ಇಟ್ಟರೆ ಯಾಕೆ ಉಬ್ಬುತ್ತದೆ? ಮಂಜುಗಡ್ಡೆ ಯಾಕೆ ತೇಲುತ್ತದೆ? ಉತ್ತರ ಅವರ ಕೈಯಲ್ಲೇ ಇದೆ. ಅಣುಗಳು ನಾಲ್ಕು ದಿಕ್ಕಿಗೆ ಲೆಕ್ಕವಾಗಿ ಕೂತು ಟೊಳ್ಳು ಬಿಡುವುದರಿಂದ ಸುಮಾರು ನೂರಕ್ಕೆ 9ರಷ್ಟು ಜಾಗ ಜಾಸ್ತಿ ಬೇಕಾಗುತ್ತದೆ. ನೀರಿನ ಸಾಂದ್ರತೆ 1 ಅಂದರೆ ಮಂಜುಗಡ್ಡೆಯದು 0.917. ಕರಗಿದಾಗ ಈ ಚೌಕಟ್ಟು ಕುಸಿದು ಅಣುಗಳು ಟೊಳ್ಳಿನೊಳಕ್ಕೂ ನುಗ್ಗುತ್ತವೆ, 4 ಡಿಗ್ರಿಯಲ್ಲಿ ನೀರು ಎಲ್ಲಕ್ಕಿಂತ ದಟ್ಟ. ಈ ಪಾಠವನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಎಷ್ಟೇ ಹೇಳಿದರೂ ಇಷ್ಟು ತಲೆಗೆ ಹೋಗುವುದಿಲ್ಲ, ಇದು ನನ್ನ ಗಟ್ಟಿ ಅಭಿಪ್ರಾಯ.

ದ್ರವ ನೀರನ್ನು ಮಾತ್ರ ಯಾವ ಕಿಟ್ಟೂ ತೋರಿಸಲಾರದು. ಅಲ್ಲಿ ಹೈಡ್ರೋಜನ್ ಬಂಧ ಒಂದು ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲಿನಷ್ಟು ಹೊತ್ತು ಇದ್ದು ಬಿಟ್ಟುಹೋಗುತ್ತದೆ, ತಕ್ಷಣ ಪಕ್ಕದ್ದರ ಜೊತೆ ಇನ್ನೊಂದು ಕೂಡಿಕೊಳ್ಳುತ್ತದೆ. ಇದಕ್ಕೆ ನಾನು ಕೋಲಾಟ ನೆನಪಿಸುತ್ತೇನೆ. ಒಬ್ಬರ ಕೋಲಿಗೆ ತಾಗಿಸಿ, ತಿರುಗಿ, ಇನ್ನೊಬ್ಬರ ಕೋಲಿಗೆ ತಾಗಿಸುತ್ತಾರೆ, ಯಾವ ಜೋಡಿಯೂ ನಿಲ್ಲುವುದಿಲ್ಲ, ಆದರೆ ಗುಂಪು ಚದುರುವುದೂ ಇಲ್ಲ. ಈ ಗುಂಪಿನಿಂದ ಒಂದು ಅಣು ಆವಿಯಾಗಿ ಹೊರಗೆ ಹೋಗಬೇಕಾದರೆ ಶಾಖ ಬೇಕು. ಏಪ್ರಿಲ್ ಬಿಸಿಲಿನಲ್ಲಿ ಮಣ್ಣಿನ ಮಡಕೆಯ ನೀರು ತಣ್ಣಗಿರುವುದು ಅದಕ್ಕೇ, ಮಡಕೆಯ ಮೈಯಿಂದ ಆವಿಯಾಗುವ ನೀರು ಆ ಶಾಖವನ್ನು ಒಳಗಿನ ನೀರಿನಿಂದಲೇ ತಗೊಂಡು ಹೋಗುತ್ತದೆ.

ಇನ್ನು ಕಿಟ್ ಮಕ್ಕಳ ತಲೆಯಲ್ಲಿ ಬಿಟ್ಟುಹೋಗುವ ತಪ್ಪು ಚಿತ್ರಗಳು. ಬಂಧ ಅಂದರೆ ಕಡ್ಡಿ ಅಲ್ಲ, ಇಬ್ಬರ ನಡುವೆ ಹರಡಿಕೊಂಡ ಇಲೆಕ್ಟ್ರಾನ್. ಪರಮಾಣು ಅಂದರೆ ಗಟ್ಟಿ ಗುಂಡೂ ಅಲ್ಲ. ಕೈಯಲ್ಲಿರುವ ಗುಂಡು ನಿಜವಾದ ಪರಮಾಣುವಿಗಿಂತ ಸುಮಾರು ಹತ್ತು ಕೋಟಿ ಪಟ್ಟು ದೊಡ್ಡದು. ಇಷ್ಟು ದೊಡ್ಡದು ಮಾಡಿದರೂ ಅದರ ನಟ್ಟನಡುವಿನ ನ್ಯೂಕ್ಲಿಯಸ್ ಕಣ್ಣಿಗೆ ಕಾಣುವುದಿಲ್ಲ, ಯಾಕಂದ್ರೆ ಅದು ಪರಮಾಣುವಿನ ಲಕ್ಷದಲ್ಲಿ ಒಂದು ಭಾಗದಷ್ಟು ಅಗಲ. ರುದರ್‌ಫರ್ಡ್ 1911ರಲ್ಲಿ ಹೇಳಿದ ಮಾತು ಇದು. ಒಂಬತ್ತನೇ ಕ್ಲಾಸಿನಲ್ಲಿ ಓದಿರುತ್ತಾರೆ, ಆದರೆ ಗುಂಡು ಕೈಗೆ ಬಂದ ತಕ್ಷಣ ಮರೆತುಬಿಡುತ್ತಾರೆ. ನೆನಪಿಸುತ್ತಾ ಇರಬೇಕು. ಹೈಡ್ರೋಜನ್ ಗುಂಡು ಕೂಡ ಬೇಕಾದ್ದಕ್ಕಿಂತ ದೊಡ್ಡದಾಗಿದೆ, ಅದು ಪರವಾಗಿಲ್ಲ.

ಪೂರ್ತಿ ಫೇಲ್ ಆಗುವುದು ಉಪ್ಪಿನ ವಿಷಯದಲ್ಲಿ. ಡಬ್ಬಿಯ ಜೊತೆ ಬಂದ ಪುಸ್ತಿಕೆಯಲ್ಲಿ ಸೋಡಿಯಂ ಕ್ಲೋರೈಡ್ ಅಂತ ಒಂದು ಬೂದು ಗುಂಡಿಗೆ ಒಂದು ಹಸಿರು ಗುಂಡು ಕಡ್ಡಿಯಲ್ಲಿ ಸಿಕ್ಕಿಸಿ ತೋರಿಸಿದ್ದಾರೆ. ಇದು ತಪ್ಪು, ದಯವಿಟ್ಟು ಆ ಪುಟ ತೋರಿಸಬೇಡಿ. ಉಪ್ಪಿನ ಹರಳಿನಲ್ಲಿ ಹಂಚಿಕೊಳ್ಳುವ ಮಾತೇ ಇಲ್ಲ. ಸೋಡಿಯಂ ಒಂದು ಇಲೆಕ್ಟ್ರಾನ್ ಕೊಟ್ಟುಬಿಡುತ್ತದೆ, ಕ್ಲೋರಿನ್ ಅದನ್ನು ತಗೊಂಡು ಕ್ಲೋರೈಡ್ ಆಗುತ್ತದೆ. ಎರಡೂ ಅಯಾನು ಆಗುತ್ತವೆ, ಒಂದು ಪಾಸಿಟಿವ್, ಒಂದು ನೆಗೆಟಿವ್. ಒಂದು ಸೋಡಿಯಂ ಸುತ್ತ ಆರು ಕ್ಲೋರೈಡ್, ಒಂದು ಕ್ಲೋರೈಡ್ ಸುತ್ತ ಆರು ಸೋಡಿಯಂ. ಇವನಿಗೆ ಇವಳೇ ಜೋಡಿ ಅನ್ನುವುದಿಲ್ಲ. ನಾನು ಕಡ್ಡಿ ಪಕ್ಕಕ್ಕಿಟ್ಟು, ಒಂದು ತಟ್ಟೆಯಲ್ಲಿ ಎರಡು ಬಣ್ಣದ ಗುಂಡುಗಳನ್ನು ಒಂದು ಬಿಟ್ಟು ಒಂದು ಸಾಲಾಗಿ ಜೋಡಿಸಿಡುತ್ತೇನೆ. ಆಮೇಲೆ ಮಕ್ಕಳು ತಾವು ಕಟ್ಟಿದ ನೀರಿನ ಅಣುಗಳನ್ನು ತಂದು ಸುತ್ತ ಇಡಬೇಕು. ಸೋಡಿಯಂ ಕಡೆ ಕೆಂಪು ಬದಿ, ಕ್ಲೋರೈಡ್ ಕಡೆ ಬಿಳಿ ಬದಿ. ಸುತ್ತುವರಿದು ಒಂದೊಂದೇ ಗುಂಡನ್ನು ಸಾಲಿನಿಂದ ಹೊರಗೆ ತಂದರೆ ಉಪ್ಪು ಕರಗಿತು. ಅಣು ಬಾಗಿಲ್ಲದಿದ್ದರೆ ಇದು ಆಗುತ್ತಲೇ ಇರಲಿಲ್ಲ ಅಂತ ಆಗ ತೋರಿಸಬಹುದು.

ಈ ಅಯಾನು ಪಾಠಕ್ಕೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣ ನಮ್ಮ ನೀರು. ಚಿಕ್ಕಬಳ್ಳಾಪುರ, ಕೋಲಾರ ಕಡೆ ವರ್ಷವಿಡೀ ಹರಿಯುವ ನದಿ ಇಲ್ಲ. ಕೆರೆ ಬತ್ತಿದ ಮೇಲೆ ಬೋರ್‌ವೆಲ್ಲೇ ಗತಿ. ಅಂಬಾಜಿದುರ್ಗದ ಬಂಡೆ ಬೆಟ್ಟ ನೋಡಿದವರಿಗೆ ಗೊತ್ತು, ನಮ್ಮ ನೆಲದ ಅಡಿಯೆಲ್ಲ ಇಂಥದ್ದೇ ಬಂಡೆ. ಮಳೆ ನೀರು ಬಂಡೆಯ ಬಿರುಕಿನಲ್ಲಿ ಇಳಿದು ವರ್ಷಗಟ್ಟಲೆ ಅಲ್ಲೇ ನಿಂತರೆ, ಉಪ್ಪಿನ ಹರಳಿಗೆ ಮಾಡಿದ್ದನ್ನೇ ಬಂಡೆಯ ಖನಿಜಗಳಿಗೂ ನಿಧಾನವಾಗಿ ಮಾಡುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್ ಎಲ್ಲ ಅಯಾನುಗಳಾಗಿ ನೀರಿಗೆ ಬರುತ್ತವೆ. ಸೋಪು ನೊರೆ ಬರುವುದಿಲ್ಲ, ಯಾಕಂದ್ರೆ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಬಿಳಿ ಗಸಿ ಆಗುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ, ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಮೇಲೆ ನಿಂಬೆ ರಸ ಹಿಂಡಿದರೆ ಗುಳ್ಳೆ ಬರುತ್ತದೆ, ಆ ಗುಳ್ಳೆಯೇ ನೆಟ್ಟಗೆ ನಿಂತಿದ್ದ ನಮ್ಮ ಕಾರ್ಬನ್ ಡೈಆಕ್ಸೈಡ್. ಬೋರ್ ನೀರಿನಲ್ಲಿ ಬೇಳೆ ಬೇಯುವುದಿಲ್ಲ ಅಂತ ಅಮ್ಮಂದಿರು ಹೇಳುವುದೂ ಬಂಧದ ವಿಷಯವೇ. ಕ್ಯಾಲ್ಸಿಯಂ ಅಯಾನಿಗೆ ಎರಡು ಪಾಸಿಟಿವ್ ಇರುವುದರಿಂದ ಬೇಳೆಯೊಳಗಿನ ಅಂಟಿನಂಥ ಪೆಕ್ಟಿನ್ ಎಳೆಗಳನ್ನು ಎರಡು ಕಡೆಯಿಂದ ಹಿಡಿದು ಗಟ್ಟಿ ಮಾಡುತ್ತದೆ. ಚಿಟಿಕೆ ಸೋಡಾ ಹಾಕಿದರೆ ಬೇಗ ಬೇಯುವುದು ಆ ಹಿಡಿತ ಸಡಿಲವಾಗುವುದರಿಂದ.

ಆಮೇಲೆ ಬೋರ್ ನೀರಿನ ಫ್ಲೋರೈಡ್. ಬಾಗೇಪಲ್ಲಿ, ಮುಳಬಾಗಿಲು, ಆ ಕಡೆ ತುಮಕೂರಿನ ಪಾವಗಡ, ಎಲ್ಲಾ ಕಡೆ ಇರುವ ಸಂಕಟ. ಕಿಟ್‌ನಲ್ಲಿ ಫ್ಲೋರಿನ್ನಿಗೂ ಹಸಿರು ಗುಂಡೇ. ಅದು ಪಾಲಿಂಗ್ ಅಳತೆಯಲ್ಲಿ ಎಲ್ಲರಿಗಿಂತ ಮೇಲೆ, 3.98. ಒಂದು ಇಲೆಕ್ಟ್ರಾನ್ ಸಿಕ್ಕರೆ ಫ್ಲೋರೈಡ್ ಅಯಾನು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಹೇಳುತ್ತದೆ. ಹಲ್ಲು ಮೂಳೆ ಎರಡರಲ್ಲೂ ಇರುವ ಖನಿಜ ಕ್ಯಾಲ್ಸಿಯಂ, ಫಾಸ್ಫೇಟ್ ಮತ್ತು ಹೈಡ್ರಾಕ್ಸೈಡ್ ಸೇರಿ ಆದದ್ದು. ಫ್ಲೋರೈಡ್ ಗಾತ್ರದಲ್ಲಿ ಹೈಡ್ರಾಕ್ಸೈಡಿಗೆ ಹತ್ತಿರ, ಅದರ ಜಾಗದಲ್ಲಿ ಹೋಗಿ ಕೂರುತ್ತದೆ. ಸ್ವಲ್ಪವೇ ಇದ್ದರೆ ಹಲ್ಲಿಗೆ ಒಳ್ಳೆಯದು, ಟೂತ್‌ಪೇಸ್ಟಿಗೆ ಹಾಕುವುದು ಅದಕ್ಕೇ. ಹಲ್ಲು ಬೆಳೆಯುವ ವಯಸ್ಸಿನಲ್ಲಿ ಜಾಸ್ತಿ ಆದರೆ ಹಲ್ಲಿನ ಮೇಲೆ ಕಂದು ಕಲೆ, ವರ್ಷಾನುಗಟ್ಟಲೆ ಜಾಸ್ತಿ ಆದರೆ ಮೂಳೆ ಕೀಲು ಬಿಗಿಯುವುದು. ನನ್ನ ಟ್ಯೂಷನ್‌ಗೆ ಬರುವ ಮಕ್ಕಳಲ್ಲೇ ಕಲೆಯ ಹಲ್ಲು ಮುಚ್ಚಿಕೊಂಡು ನಗುವವರಿದ್ದಾರೆ. ಅವರಿಗೆ ಈ ಪಾಠ ಪುಸ್ತಕದ ಪಾಠ ಅಲ್ಲ. ಹಲ್ಲು ಸರಿಯಾಗಿ ಉಜ್ಜುವುದಿಲ್ಲ ಅಂತ ಬೈಸಿಕೊಂಡ ಮಗುವಿಗೆ, ಕಲೆ ಬಂದಿದ್ದು ಕುಡಿದ ನೀರಿನಿಂದ, ನಿನ್ನಿಂದ ಅಲ್ಲ ಅಂತ ಗೊತ್ತಾಗಬೇಕು.

ಇದರಿಂದ ಮನೆಗೆ ಉಪಯೋಗ ಆಗುವ ಮಾತುಗಳೂ ಇವೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದಿದ್ದರಲ್ಲಿ ಇನ್ನೂ ದಟ್ಟ ಆಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಅಷ್ಟೆ, ಕರಗಿದ ಅಯಾನು ಬಟ್ಟೆಗೆ ಸಿಗುವುದಿಲ್ಲ. ಫಿಲ್ಟರ್ ಮಾರುವವರು ಮನೆಗೆ ಬಂದು ಟಿಡಿಎಸ್ ಮೀಟರ್ ಅದ್ದಿ ತೋರಿಸುತ್ತಾರಲ್ಲ, ಅದು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅಂತ ನೋಡಿ ಒಟ್ಟು ಕರಗಿದ್ದನ್ನು ಅಂದಾಜು ಮಾಡುತ್ತದೆ. ಫ್ಲೋರೈಡ್ ಎಷ್ಟು ಅಂತ ಅದಕ್ಕೆ ಗೊತ್ತಾಗುವುದೇ ಇಲ್ಲ. ಸೋಪು ನೊರೆ ಬಾರದ ಗಡಸು ನೀರೇ ಫ್ಲೋರೈಡ್ ನೀರು ಅನ್ನುವುದೂ ಸರಿಯಲ್ಲ. ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಅದು ಫ್ಲೋರೈಡನ್ನು ಹಿಡಿದು ಕೆಳಗೆ ಕೂರಿಸುತ್ತದೆ, ಆದ್ದರಿಂದ ಬಾಯಿಗೆ ಮೆತ್ತಗಿರುವ ನೀರಿನಲ್ಲೂ ಫ್ಲೋರೈಡ್ ಜಾಸ್ತಿ ಇರಬಹುದು. ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸದೆ ಬೇರೆ ದಾರಿ ಇಲ್ಲ. ಊರಿನ ಶುದ್ಧ ನೀರಿನ ಘಟಕದ ಆರ್‌ಒ ಪೊರೆ ಫ್ಲೋರೈಡನ್ನು ಬಹುಪಾಲು ತಡೆಯುತ್ತದೆ, ನೀರಿನ ಅಣುಗಳು ಸುತ್ತುವರಿದ ಅಯಾನು ಆ ಪೊರೆಯಲ್ಲಿ ಸುಲಭಕ್ಕೆ ದಾಟಲಾರದು. ಆದರೆ ಪೊರೆಯನ್ನು ಸಮಯಕ್ಕೆ ಸರಿಯಾಗಿ ಬದಲಾಯಿಸುತ್ತಿರಬೇಕು.

ಸರಿ, ಮತ್ತೆ ಕಿಟ್‌ಗೆ. ಮಾರಾಟಗಾರರ ಸೇವೆಗೆ ನಾನು ಒಳ್ಳೆಯ ಅಂಕ ಕೊಡಲಾರೆ. ನನಗೆ ಬಂದ ಡಬ್ಬಿಯಲ್ಲಿ ಬಿಳಿ ಗುಂಡು ಪಟ್ಟಿಯಲ್ಲಿ ಬರೆದಿದ್ದಕ್ಕಿಂತ ಕಡಿಮೆ ಇತ್ತು. ಫೋಟೋ ಕಳಿಸಿದೆ, ದೂರು ಹಾಕಿದೆ, ಪೂರ್ತಿ ಡಬ್ಬಿ ವಾಪಸ್ ಕಳಿಸಿ ಅಂದರು, ಬಿಡಿಯಾಗಿ ಕಳಿಸಲು ಒಪ್ಪಲಿಲ್ಲ. ಬರೀ ಹೈಡ್ರೋಜನ್ ಗುಂಡುಗಳನ್ನೇ ಬೇರೆಯಾಗಿ ಮಾರುವುದೂ ಇಲ್ಲ, ಆದರೆ ಬೇಗ ಖಾಲಿಯಾಗುವುದು ಅದೇ. ಹತ್ತು ಮಕ್ಕಳು ಒಟ್ಟಿಗೆ ನೀರು ಕಟ್ಟಿದರೆ ಇಪ್ಪತ್ತು ಬಿಳಿ ಬೇಕು, ಆಮೇಲೆ ಒಬ್ಬರು ಈಥೇನ್ ಕಟ್ಟಿದರೆ ಆರು ಹೋಯಿತು. ಪುಸ್ತಿಕೆ ಬರೀ ಇಂಗ್ಲಿಷ್, ಅಕ್ಷರ ಸಣ್ಣ. ಕನ್ನಡದಲ್ಲಿ ಒಂದು ಹಾಳೆಯನ್ನಾದರೂ ಸೇರಿಸಿದ್ದರೆ ನಮ್ಮಂಥ ಕಡೆ ಎಷ್ಟು ಅನುಕೂಲ ಆಗುತ್ತಿತ್ತು! ಹೊಸದರಲ್ಲಿ ಕಡ್ಡಿಗಳು ತುಂಬಾ ಬಿಗಿ, ಚಿಕ್ಕ ಮಕ್ಕಳ ಬೆರಳು ನೋಯುತ್ತದೆ, ಬಳಸುತ್ತಾ ಸಡಿಲ ಆಗುತ್ತವೆ. ಬಾಗುವ ಉದ್ದ ಕಡ್ಡಿಗಳು ಮಾತ್ರ ಬಾಗಿದ ಜಾಗದಲ್ಲಿ ಬೆಳ್ಳಗಾಗಿ ಸೀಳಲು ಶುರುವಾಗಿವೆ, ಅವನ್ನು ಜೋಡಿಸಿದ ಹಾಗೇ ಬಿಟ್ಟಿಡಬೇಡಿ, ಕೆಲಸ ಆದ ಮೇಲೆ ಬಿಚ್ಚಿಡಿ.

ಯಾರಿಗೆ ಬೇಡ ಅಂತಲೂ ಹೇಳುತ್ತೇನೆ. ಎಂಟನೇ ಕ್ಲಾಸಿಗಿಂತ ಚಿಕ್ಕ ಮಕ್ಕಳಿಗೆ ಬೇಡ, ಗುಂಡು ಚಿಕ್ಕದು, ಮನೆಯಲ್ಲಿ ತೊಟ್ಟಿಲು ಮಗು ಇದ್ದರಂತೂ ಎತ್ತರದಲ್ಲಿಡಿ. ಒಂದೇ ಮಗುವಿಗಾಗಿ, ಬರೀ ಹತ್ತನೇ ಕ್ಲಾಸಿನ ಪರೀಕ್ಷೆಗೆ ಅಂತ ತಗೊಳ್ಳುವುದಾದರೂ ಬೇಡ ಅಂತ ನನ್ನ ಅಭಿಪ್ರಾಯ. ನಾಲ್ಕೈದು ಮನೆಯವರು ದುಡ್ಡು ಹಾಕಿ ತರಿಸಿ ಮಕ್ಕಳನ್ನು ಒಟ್ಟಿಗೆ ಕೂರಿಸಿ, ಅಥವಾ ಶಾಲೆಗೇ ಕೊಡಿಸಿ. ಪಿಯುಸಿ ಸೈನ್ಸ್‌ನವರಿಗೆ ಇದು ಚೆನ್ನಾಗಿ ಉಪಯೋಗ ಆಗುತ್ತದೆ, ಐಸೋಮರ್‌ಗಳು (ಅವೇ ಪರಮಾಣು, ಜೋಡಣೆ ಬೇರೆ), ಉಂಗುರದ ಸಂಯುಕ್ತಗಳು ಎಲ್ಲ ಕೈಯಲ್ಲಿ ತಿರುಗಿಸಿ ನೋಡಿದರೆ ಬೇಗ ಅರ್ಥ ಆಗುತ್ತವೆ, ಡಬ್ಬಿಯ ಮೇಲಿನ ಮಾತು ಆ ಮಟ್ಟಿಗೆ ಸುಳ್ಳಲ್ಲ.

ಜೇಡಿಮಣ್ಣು, ಪೊರಕೆ ಕಡ್ಡಿಯಲ್ಲಿ ಮಾಡಿದರೆ ಆಗಲ್ವಾ ಅಂತ ಕೆಲವರು ಕೇಳಿದರು. ಎಷ್ಟು ಪರಮಾಣು ಅಂತ ಲೆಕ್ಕ ಹೇಳಲು ಆಗುತ್ತದೆ. ಕೋನಕ್ಕೆ ಆಗುವುದಿಲ್ಲ, ಮಣ್ಣಿನಲ್ಲಿ ಮಗು ಎಲ್ಲಿ ಚುಚ್ಚಿದರೆ ಅಲ್ಲೇ ಕಡ್ಡಿ ನಿಲ್ಲುತ್ತದೆ, ತಪ್ಪು ಅಂತ ಅದು ಹೇಳುವುದೇ ಇಲ್ಲ. ದುಡ್ಡು ಕೊಡುವುದು ಆ ತೂತುಗಳಿಗೆ. ಅದಕ್ಕೇ ಆರ್ಡರ್ ಮಾಡುವ ಮೊದಲು ಫೋಟೋ ದೊಡ್ಡದು ಮಾಡಿ ಕೆಂಪು ಗುಂಡನ್ನು ನೋಡಿ. ನಾಲ್ಕು ತೂತಿನ ಕೆಂಪು ಗುಂಡು ಒಂದೆರಡಾದರೂ ಇರುವ ಕಿಟ್ ಸಿಕ್ಕರೆ, ನೂರಿನ್ನೂರು ಜಾಸ್ತಿ ಆದರೂ ಅದನ್ನೇ ತಗೊಳ್ಳಿ. ನನಗೆ ಬಂದಿದ್ದಕ್ಕೆ ಐದರಲ್ಲಿ ನಾಲ್ಕು ಸ್ಟಾರ್, ಕಳಿಸಿದವರ ಸೇವೆಗೆ ಎರಡು.